ಅಲಖನೂರಿನಿಂದ ಬೆಂಗಳೂರಿಗೆ: ಒಂದು ಸೇನಾ ಲಾಂಛನದ ಬೆನ್ನುಹತ್ತಿ

ರಾಯಬಾಗ ತಾಲೂಕಿನ ಅಲಖನೂರ ಗ್ರಾಮಕ್ಕೆ ನಾವು ಹೋಗಿಬರುವುದು ಇಂದು ನಿನ್ನೆಯ ರೂಢಿಯಲ್ಲ. ಮಠದ ಪಾಠಶಾಲೆಯಲ್ಲಿ ನಮ್ಮೊಡನೆ ಒಂದೇ ಚಾಪೆಯ ಮೇಲೆ ಕುಳಿತು ವ್ಯಾಕರಣ ಬಾಯಿಪಾಠ ಮಾಡಿದ ಗೆಳೆಯರೊಬ್ಬರ ಊರು ಅದು. ಅವರು ಲಿಂಗೈಕ್ಯರಾಗಿ ಹಲವು ವರ್ಷಗಳಾದರೂ ಆ ಮನೆಯವರು ನಮ್ಮನ್ನು ಹಿರಿಯರೆಂದು ಬಗೆದು ಕರೆಸುತ್ತಾರೆ, ನಾವೂ ಹೋಗುತ್ತೇವೆ. ರಾಯಬಾಗ ನಿಲ್ದಾಣದಲ್ಲಿ ರೈಲಿನಿಂದಿಳಿದು ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಕಬ್ಬು, ಗೋವಿನಜೋಳ, ಅಲ್ಲಲ್ಲಿ ಅರಿಷಿಣದ ಮಡಿಗಳು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಬಸ್ಸಿಗೆ ದಾರಿ ಬಿಡುವುದೇ ಇಲ್ಲ. ಮನೆ ಮುಟ್ಟುವಾಗ ಮೈತುಂಬ ಧೂಳು, ಅಂಗಳದಲ್ಲಿ ಕಾಲಿಗೆ ನೀರು, ಪಡಸಾಲೆಯಲ್ಲಿ ಹಾಸಿದ ಕಂಬಳಿ.

2025ರ ಚೈತ್ರಮಾಸದಲ್ಲಿ ಹೋದಾಗ ಆ ಪಡಸಾಲೆಯ ಗೋಡೆಯಲ್ಲಿ ಹೊಸದೊಂದು ವಸ್ತು ನಮ್ಮ ಕಣ್ಣಿಗೆ ಬಿತ್ತು. ಬಾರಕೋಲು ನೇತುಹಾಕುವ ಗೂಟದ ಪಕ್ಕದ ಗೂಟಕ್ಕೆ ಕಂದುಗೆಂಪು ಬಣ್ಣದ ಟೊಪ್ಪಿಗೆಯೊಂದನ್ನು ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು. ಅದರ ಎಡಮಗ್ಗುಲಿಗೆ ಬೆಳ್ಳಿಬಣ್ಣದ ಒಂದು ಬಿಲ್ಲೆ. ಗೆಳೆಯರ ಕಿರಿಯ ಮಗನದು ಎಂದು ತಾಯಿ ಹೇಳಿದಳು. ಹುಡುಗ ಸೇನೆಗೆ ಸೇರಿದ್ದಾನೆಂಬುದನ್ನು ನಾವು ಕೇಳಿ ಬಲ್ಲೆವಾದರೂ, ವಿಮಾನದಿಂದ ಧುಮುಕುವ ದಳವೆಂಬುದನ್ನು ಅಂದೇ ತಿಳಿದೆವು. ನಮಗಾದ ಸಂತೋಷಕ್ಕೆ ಪಾರವಿರಲಿಲ್ಲ. ಆ ಸಂತೋಷದ ಭರದಲ್ಲಿಯೇ ಒಂದು ತಪ್ಪು ಮಾಡಿದೆವು.

ಅಥಣಿಯ ಕಡೆಯ ಸದ್ಭಕ್ತರ ಮನೆಯೊಂದರಲ್ಲಿ ಮದುವೆಯ ವಯಸ್ಸಿನ ಕನ್ಯೆಯಿದ್ದಳು. ಎರಡೂ ಮನೆತನಗಳನ್ನು ಬಲ್ಲವರು ನಾವು. ಟೊಪ್ಪಿಗೆ ಧರಿಸಿದ ಹುಡುಗನ ಭಾವಚಿತ್ರ ತರಿಸಿ, ಜೊತೆಗೆ ಒಂದು ಹಾಳೆಯಲ್ಲಿ ಅವನ ಹೆಸರು, ಮನೆತನ, ಹೊಲದ ವಿವರ ಬರೆದು, ‘ಉದ್ಯೋಗ: ಭಾರತೀಯ ಸೇನೆ, ಕಾಯಂ’ ಎಂದು ನಮ್ಮ ಕೈಯಾರೆ ಬರೆದುಕೊಟ್ಟೆವು. ಕಾಯಂ ಎಂಬ ಮಾತನ್ನು ಯಾರೂ ನಮಗೆ ಹೇಳಿರಲಿಲ್ಲ. ಟೊಪ್ಪಿಗೆ ನೋಡಿ ನಾವೇ ಊಹಿಸಿದ್ದೆವು.

ಚೈತ್ರ ವೈಶಾಖಗಳಲ್ಲಿ ದೇಶದ ಗಡಿಯಲ್ಲಿ ಏನು ನಡೆಯಿತೆಂಬುದನ್ನು ಓದುಗರು ಬಲ್ಲರು. ಪಹಲ್ಗಾಮಿನ ಹತ್ಯಾಕಾಂಡ, ಮೇ 7ರಂದು ಆರಂಭವಾದ ಸಿಂಧೂರ ಕಾರ್ಯಾಚರಣೆ. ಅದರ ಬೆನ್ನಲ್ಲೇ ಕೇಂದ್ರ ಸರಕಾರದ ಒಂದು ಆದೇಶ ಪತ್ರಿಕೆಗಳಲ್ಲಿ ಬಂತು. ಪ್ರಾದೇಶಿಕ ಸೇನೆಯ 32 ಕಾಲ್ದಳ ಬಟಾಲಿಯನ್‌ಗಳ ಪೈಕಿ 14ನ್ನು ಸಕ್ರಿಯ ಸೇವೆಗೆ ಕರೆಯಲು ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಡಲಾಗಿತ್ತು. ಆ ಸುದ್ದಿ ಓದಿದ ಕನ್ಯೆಯ ತಂದೆ ಯಾರನ್ನೋ ವಿಚಾರಿಸಿ, ಹುಡುಗನಿರುವುದು ಅದೇ ಪ್ರಾದೇಶಿಕ ಸೇನೆಯಲ್ಲಿ ಎಂದು ತಿಳಿದುಕೊಂಡಿದ್ದರು. ನಮಗೆ ದೂರವಾಣಿ ಬಂತು.

“ಶಾಸ್ತ್ರಿಗಳ, ಒಂದ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಹುಡುಗಂದು ನೌಕರಿ ಕಾಯಂ ಐತೋ ಇಲ್ಲೋ? ಪಿಂಚಣಿ ಐತೋ ಇಲ್ಲೋ? ನೀವು ಬರದಿದ್ದನ್ನ ನಂಬಿ ನಾವು ಬೀಗರಿಗೆಲ್ಲಾ ಹೇಳೇವಿ.”

ಅರವತ್ತು ದಾಟಿದ ಮೇಲೆ ಇಂಥ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲುವುದು ಸುಲಭವಲ್ಲ. ಮರುದಿನವೇ ಅಲಖನೂರಿಗೆ ಹೋದೆವು. ಹುಡುಗ ಕಬ್ಬಿಗೆ ನೀರು ಹಾಯಿಸುತ್ತಿದ್ದವನು ಸಲಿಕೆ ಬದುವಿಗೆ ಒರಗಿಸಿ ಬಂದ. ನಾವು ಬರೆದುಕೊಟ್ಟ ಹಾಳೆಯ ಸಂಗತಿ ಕೇಳಿ ಅವನ ಮುಖ ಬಾಡಿತು.

“ಅಜ್ಜಾರ, ನನ್ನ ಕೇಳಿದ್ರ ಹೇಳ್ತಿದ್ನಲ್ರೀ. ನಂದು ಟಿ.ಎ. ಕರದಾಗ ಹೋಗೋದು, ಬಿಟ್ಟಾಗ ಬರೋದು. ಇನ್ನೊಂದು ಮಾತ್ರಿ, ಆ ಟೊಪ್ಪಿಗಿ ಪಲ್ಟಣಿಂದು, ಎಲ್ಲಾರಿಗೂ ಕೊಡ್ತಾರ. ರೆಕ್ಕಿ ಬ್ಯಾರೆ. ಅದನ್ನ ಜಿಗದಾವ್ರಿಗಷ್ಟ ಕೊಡ್ತಾರ. ನಾ ಇನ್ನೂ ಜಿಗದಿಲ್ರೀ.”

ತಾಯಿ ಒಳಗಿನಿಂದಲೇ ಹೇಳಿದಳು: “ಹೋಗಾಗ ಒಂದ ಚೀಲಾ ಹಿಡಕೊಂಡ ಹೋಗ್ತಾನ್ರಿ, ಬರಾಗ ಅದ ಚೀಲಾ. ನಡಬರಕ ಏನ ಮಾಡ್ತಾನಂತ ನನಗೇನ ಗೊತ್ತ?”

ಟೊಪ್ಪಿಗೆ ಪಲ್ಟಣದ್ದು, ರೆಕ್ಕೆ ಆಳಿನದು. ಈ ಭೇದವನ್ನು ನಾವು ತಿಳಿಯದೆ ಹೋದೆವಲ್ಲಾ ಎಂದು ನಮಗೆ ನಾಚಿಕೆಯಾಯಿತು. ಲಾಂಛನವೆಂಬ ಶಬ್ದ ನಮ್ಮ ಸಂಪ್ರದಾಯಕ್ಕೆ ಹೊಸದಲ್ಲ. ಲಾಂಛನವನ್ನು ಕಂಡವರು ಕೈಮುಗಿಯಬೇಕು, ಧರಿಸಿದವನು ಮಾತ್ರ ಅದಕ್ಕೆ ತಕ್ಕಂತೆ ನಡೆಯಬೇಕು ಎಂದು ಎರಡೂ ಕಡೆಗೆ ಕಟ್ಟುಮಾಡಿದವರು ಶರಣರು. ವೇಷವನ್ನಷ್ಟೇ ನೋಡಿ ಮಾರುಹೋಗುವವರನ್ನು ಅವರು ಎಷ್ಟು ಕಟುವಾಗಿ ನುಡಿದಿದ್ದಾರೆಂಬುದನ್ನು ಪ್ರವಚನ ಪೀಠದಿಂದ ಎಷ್ಟೋ ಸಲ ಹೇಳಿದ ನಾವೇ ಟೊಪ್ಪಿಗೆಯೊಂದನ್ನು ನೋಡಿ ಮಾರುಹೋಗಿದ್ದೆವು. ಅಥಣಿಗೆ ಉತ್ತರ ಹೇಳುವ ಮೊದಲು ಈ ದಳದ ರಚನೆ, ಅದರ ಚಿಹ್ನೆಗಳ ಅರ್ಥ ತಿಳಿಯಲೇಬೇಕೆಂದು ನಿಶ್ಚಯಿಸಿ ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು.

ಬೆಂಗಳೂರಿಗೇ ಏಕೆಂದರೆ, ಹುಡುಗನ ದಳ ಅಲ್ಲಿಯದು. ಪ್ರಾದೇಶಿಕ ಸೇನೆಯ ಬಟಾಲಿಯನ್‌ಗಳನ್ನು ಖಾಯಂ ಸೇನೆಯ ಒಂದೊಂದು ರೆಜಿಮೆಂಟಿಗೆ ಜೋಡಿಸಿರುತ್ತಾರೆ. ನಮ್ಮ ಭಾಗದ ಜನ ಬಲ್ಲಂತೆ ಕೊಲ್ಲಾಪುರದ 109ನೆಯ ಬಟಾಲಿಯನ್ ಮರಾಠಾ ಲಘು ಕಾಲ್ದಳಕ್ಕೆ ಸೇರಿದ್ದು. ಬೆಳಗಾವಿಯ 115ನೆಯದು ಮಹಾರ್ ರೆಜಿಮೆಂಟಿನದು. ವಿಮಾನದಿಂದ ಧುಮುಕುವ ಪ್ಯಾರಾಶೂಟ್ ರೆಜಿಮೆಂಟಿಗೆ ಇಂಥವು ಎರಡು: ಬೆಂಗಳೂರಿನ 106ನೆಯದು, ಮಹಾರಾಷ್ಟ್ರದ ದೇವಳಾಲಿಯ 116ನೆಯದು. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ 1992ರಿಂದ ಬೆಂಗಳೂರಿನಲ್ಲಿಯೇ ಇದೆ. ಅದಕ್ಕೂ ಮೊದಲು ಆಗ್ರಾದಲ್ಲಿತ್ತು.

ಜಯಚಾಮರಾಜೇಂದ್ರ ನಗರದಲ್ಲಿರುವ ಆ ಕೇಂದ್ರದ ಹೆಬ್ಬಾಗಿಲನ್ನು ಹೊರಗಿನಿಂದ ನೋಡಿ ಮುಂದೆ ನಡೆದೆವು. ಒಳಗೆ ಹೋಗಲು ನಮಗೇನು ಅಧಿಕಾರ? ನಮ್ಮ ಪ್ರವಚನ ಕೇಳಲು ಬರುತ್ತಿದ್ದ ನಿವೃತ್ತ ಸುಬೇದಾರರೊಬ್ಬರು ಅದೇ ನಗರದ ಇನ್ನೊಂದು ಬಡಾವಣೆಯಲ್ಲಿದ್ದಾರೆ. ಅದೇ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದವರು. ಅವರ ಮನೆಯಲ್ಲಿ ಪೂಜೆ ಪ್ರಸಾದ ಮುಗಿದ ಮೇಲೆ ನಮ್ಮ ಪ್ರಶ್ನೆಗಳನ್ನು ಮುಂದಿಟ್ಟೆವು. ಸುಬೇದಾರರು ಒಳಗೆ ಹೋಗಿ ತಗಡಿನ ಪೆಟ್ಟಿಗೆಯೊಂದನ್ನು ತಂದು, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಬಿಲ್ಲೆಯನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟರು.

ಅಲಖನೂರಿನ ಗೂಟದಲ್ಲಿ ದೂರದಿಂದ ನೋಡಿದ್ದನ್ನು ಇಲ್ಲಿ ಕೈಯಲ್ಲಿ ಹಿಡಿದು ನೋಡಿದೆವು. ಮೇಲುಗಡೆ ಬಿಚ್ಚಿಕೊಂಡ ಪ್ಯಾರಾಶೂಟ್. ಅದರ ನಡುವನ್ನು ಮರೆಮಾಡುವ ಒಂದು ವೃತ್ತ. ವೃತ್ತದಿಂದ ಎಡಬಲಕ್ಕೆ ಚಾಚಿದ ಎರಡು ರೆಕ್ಕೆ. ಎಲ್ಲದರ ಮೇಲೆ ತುದಿ ಮೇಲ್ಮುಖವಾಗಿ ನಿಂತ ಒಂದು ಕಠಾರಿ. ಇಡಿಯ ಬಿಲ್ಲೆ ಬೆಳ್ಳಿಬಣ್ಣದ ಲೋಹದ್ದು. ಇಳಿಯುವ ಸಾಧನ, ಹಾರುವ ಸಾಧನ, ಇಳಿದ ಮೇಲೆ ಮಾಡುವ ಕೆಲಸ, ಈ ಮೂರನ್ನೂ ಅಕ್ಷರವಿಲ್ಲದೆ ಹೇಳುವ ಚಿತ್ರ. ನಮಗೆ ಬಲು ಹಿಡಿಸಿತು. ಕಂದುಗೆಂಪು ಟೊಪ್ಪಿಗೆಯ ರೂಢಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರಲ್ಲಿ ಆರಂಭವಾಗಿ ಇಂದು ಅನೇಕ ದೇಶಗಳ ವಾಯುವಾಹಿತ ಪಡೆಗಳಲ್ಲಿದೆ. ಅದೇ ಯುದ್ಧಕಾಲದಲ್ಲಿ ಆ ಪಡೆಗಳವರ ತೋಳಿನ ಮೇಲೆ ರೆಕ್ಕೆಯ ಕುದುರೆಯನ್ನೇರಿದ ಗ್ರೀಕ್ ವೀರನ ಚಿತ್ರವಿರುತ್ತಿತ್ತು. ಎಡ್ವರ್ಡ್ ಸೀಗೊ ಎಂಬ ಚಿತ್ರಕಾರ ಬರೆದದ್ದು ಅದು. ಅಂದಿನ ಭಾರತೀಯ ವಾಯುವಾಹಿತ ಡಿವಿಜನ್ನಿನವರೂ ಅದನ್ನೇ ಧರಿಸಿದರು. ಇಂದು ಪ್ಯಾರಾಶೂಟ್ ಬ್ರಿಗೇಡಿನವರು ‘ಶತ್ರುಜೀತ್’ ಎಂಬ ನಮ್ಮ ಪುರಾಣದ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಕನ್ನಡಿಗರಿಗೆ ರೆಕ್ಕೆಯ ಲಾಂಛನವೆಂದರೆ ಗಂಡಭೇರುಂಡ. ಮೈಸೂರು ಲ್ಯಾನ್ಸರ್ಸ್ ಕುದುರೆ ದಳದ ಆ ಎರಡು ತಲೆಯ ಹಕ್ಕಿ ಇಂದಿಗೂ 61ನೆಯ ಅಶ್ವದಳದ ಬಿಲ್ಲೆಯಲ್ಲಿ ಉಳಿದಿದೆಯೆಂದು ಸುಬೇದಾರರು ಹೇಳಿದಾಗ ನಮಗೆ ಹೆಮ್ಮೆಯೆನಿಸಿತು.

“ಗುರುಗಳೇ, ಟೊಪ್ಪಿಗೆ, ಅದರ ಮೇಲಿನ ಬಿಲ್ಲೆ, ಇವೆರಡೂ ರೆಜಿಮೆಂಟಿನ ಗುರುತು. ಇದು ಬೇರೆ,” ಎಂದು ಅವರು ಬಟ್ಟೆಯ ತುಣುಕೊಂದನ್ನು ಬಿಡಿಸಿದರು. ಅದರಲ್ಲಿಯೂ ಪ್ಯಾರಾಶೂಟ್, ಅದರಲ್ಲಿಯೂ ರೆಕ್ಕೆ, ಆದರೆ ಕಠಾರಿಯಿಲ್ಲ. ಬಲದೋಳಿನ ಮೇಲೆ ಹೊಲಿದುಕೊಳ್ಳುವಂಥದು. ಆಗ್ರಾದ ತರಬೇತಿ ಶಾಲೆಯಲ್ಲಿ ಕಲಿತು, ರಾತ್ರಿಯದೊಂದನ್ನು ಸೇರಿಸಿ ಐದು ಸಲ ವಿಮಾನದಿಂದ ಧುಮುಕಿದವರಿಗೆ ಮಾತ್ರ ಅದು ಸಲ್ಲುತ್ತದೆ. ಸೇನಾಪತಿಯ ಮಗನೇ ಇರಲಿ, ಧುಮುಕದೆ ಸಿಗದು.

ಮೂರನೆಯದೂ ಒಂದಿದೆ. ಕೆಳಮುಖವಾದ ಕಠಾರಿ, ಮೇಲಕ್ಕೆ ಚಾಚಿದ ರೆಕ್ಕೆಗಳು, ನಡುವೆ ನಾಗರಿ ಲಿಪಿಯಲ್ಲಿ ‘ಬಲಿದಾನ’ ಎಂಬ ಅಕ್ಷರ. ಅದು ಪ್ಯಾರಾಶೂಟ್ ರೆಜಿಮೆಂಟಿನೊಳಗಿನ ವಿಶೇಷ ಪಡೆಯವರದು, ಉಳಿದವರು ಧರಿಸುವಂತಿಲ್ಲ. ಈ ಚಿಹ್ನೆಯ ವಿಷಯ ಕ್ರಿಕೆಟ್ ನೋಡುವ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಮಹೇಂದ್ರಸಿಂಗ್ ಧೋನಿಯವರಿಗೆ 2011ರಲ್ಲಿ ಪ್ರಾದೇಶಿಕ ಸೇನೆಯ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರಷ್ಟೆ. ಅವರನ್ನು ಸೇರಿಸಿದ್ದು ನಮ್ಮ ಹುಡುಗನಿರುವ ಇದೇ 106ನೆಯ ಬಟಾಲಿಯನ್ನಿಗೆ. 2019ರ ಜೂನ್ 5ರಂದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅವರ ಕೈಗವಸಿನ ಮೇಲೆ ಆ ಕಠಾರಿಯ ಚಿತ್ರ ಕಾಣಿಸಿಕೊಂಡು ದೊಡ್ಡ ವಿವಾದವಾಯಿತು. ಅಂತರರಾಷ್ಟ್ರೀಯ ಮಂಡಳಿ ಅನುಮತಿ ನಿರಾಕರಿಸಿತು. ದೇಶಾಭಿಮಾನದ ಪ್ರಶ್ನೆಯೆಂದು ಆಗ ಅನೇಕರು ಕೂಗಾಡಿದರು. ನಮಗೂ ಹಾಗೆಯೇ ಅನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಸುಬೇದಾರರ ನೋಟ ಬೇರೆಯಿತ್ತು. ಧೋನಿಯವರ ಬಗ್ಗೆ ಅವರಿಗೆ ಆದರವುಂಟಾದದ್ದು ಕೈಗವಸಿನಿಂದಲ್ಲ. ಗೌರವ ಪದವಿಯಷ್ಟೇ ಸಾಕೆನ್ನದೆ 2015ರ ಆಗಸ್ಟಿನಲ್ಲಿ ಆಗ್ರಾಕ್ಕೆ ಹೋಗಿ, ಉಳಿದವರಂತೆಯೇ ಐದು ಸಲ ಧುಮುಕಿ ರೆಕ್ಕೆ ಗಳಿಸಿಕೊಂಡರಲ್ಲಾ, ಅದರಿಂದ. 2019ರ ಜುಲೈ ಕೊನೆಯಿಂದ ಆಗಸ್ಟ್ 15ರವರೆಗೆ ಕಾಶ್ಮೀರದಲ್ಲಿ ಅದೇ ಬಟಾಲಿಯನ್ನಿನೊಡನೆ ಪಹರೆಯ ಕೆಲಸವನ್ನೂ ಮಾಡಿದರು.

ಇನ್ನು ದಳದ ರಚನೆ. ಹತ್ತು ಜನರ ಒಂದು ಸೆಕ್ಷನ್, ಮೂರು ಸೆಕ್ಷನ್ನಿಗೆ ಒಂದು ಪ್ಲಟೂನ್, ಮೂರು ಪ್ಲಟೂನಿಗೆ ಒಂದು ಕಂಪನಿ, ಅಂಥ ಕಂಪನಿಗಳು ಸೇರಿ ಬಟಾಲಿಯನ್, ಮೇಲೊಬ್ಬ ಕರ್ನಲ್. ಇದು ಕಾಲ್ದಳದ ಸಾಮಾನ್ಯ ಕಟ್ಟು; ಹೆಚ್ಚು ವಿವರ ಬೇಡ. ಪ್ರಾದೇಶಿಕ ಸೇನೆಯ ವೈಶಿಷ್ಟ್ಯ ಈ ಕಟ್ಟಿನಲ್ಲಿಲ್ಲ, ಕಟ್ಟಿನೊಳಗೆ ನಿಂತ ಮನುಷ್ಯನಲ್ಲಿದೆ. ಖಾಯಂ ಸೇನೆಯಿಂದ ಬಂದ ಕೆಲವು ಅಧಿಕಾರಿಗಳು, ಸಿಬ್ಬಂದಿಯನ್ನು ಬಿಟ್ಟರೆ ಉಳಿದವರೆಲ್ಲ ತಮ್ಮ ತಮ್ಮ ಊರಿನಲ್ಲಿ ತಮ್ಮ ತಮ್ಮ ಉದ್ಯೋಗ ಮಾಡಿಕೊಂಡಿರುವವರು. 1948ರ ಕಾಯ್ದೆಯಂತೆ ಸ್ಥಾಪನೆಯಾಗಿ, 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಉದ್ಘಾಟನೆಗೊಂಡ ಈ ಸೇನೆ ಆರಂಭದಿಂದಲೂ ನಡೆದುಬಂದದ್ದು ಒಂದೇ ತತ್ತ್ವದ ಮೇಲೆ: ಬದುಕಲು ಬೇರೆ ಉದ್ಯೋಗವಿದ್ದವನೇ ಇದರಲ್ಲಿರಬೇಕು. 18ರಿಂದ 42 ವರ್ಷದೊಳಗಿನವರನ್ನು ತೆಗೆದುಕೊಳ್ಳುತ್ತಾರೆ. ಹಳ್ಳಿಯ ಕಡೆಯ ಘಟಕಗಳವರಿಗೆ ವರ್ಷಕ್ಕೆ ಸುಮಾರು ಎರಡು ತಿಂಗಳ ತರಬೇತಿ. ಖಾಯಂ ಸೈನಿಕರನ್ನು ಕಾವಲಿನ ಕೆಲಸಗಳಿಂದ ಬಿಡಿಸುವುದು, ನೆರೆ ಭೂಕಂಪಗಳಲ್ಲಿ ನೆರವಾಗುವುದು, ಅವಶ್ಯಬಿದ್ದಾಗ ಸೇನೆಗೆ ತುಕಡಿಗಳನ್ನು ಒದಗಿಸುವುದು, ಇವು ಇದರ ಕರ್ತವ್ಯಗಳು. 1962, 1965, 1971ರ ಯುದ್ಧಗಳಲ್ಲಿ ಇವರೂ ಇದ್ದರು. ಕಾಯಕವನ್ನು ಬಿಡದೆ ಮಾಡುವ ಸೇವೆಯೆಂಬುದು ನಮ್ಮ ಕಿವಿಗೆ ಹಿತವಾಗಿ ಕೇಳಿಸಿತು. ಆದರೆ ನಾವು ಬಂದದ್ದು ಹಿತವಾದುದನ್ನಷ್ಟೇ ಕೇಳುವುದಕ್ಕಲ್ಲ.

ಪಿಂಚಣಿಯ ಪ್ರಶ್ನೆ ಕೇಳಿದೆವು. ಸೇವೆಗೆ ಕರೆದ ಕಾಲದಲ್ಲಿ ಖಾಯಂ ಸೈನಿಕನಿಗಿರುವ ಸಂಬಳ ಭತ್ಯೆಗಳೇ ಇವರಿಗೂ ಇವೆ. ಊರಿಗೆ ಕಳಿಸಿದ ಮೇಲೆ ಇಲ್ಲ. ಸಿಪಾಯಿಗೆ ಪಿಂಚಣಿ ದೊರೆಯಬೇಕಾದರೆ ಸಕ್ರಿಯ ಸೇವೆಯೇ ಒಟ್ಟು 15 ವರ್ಷ ತುಂಬಬೇಕು. ನಾವು ಅಲ್ಲಿಯೇ ಬೆರಳು ಮಡಿಚಿ ಲೆಕ್ಕ ಹಾಕಿದೆವು. ವರ್ಷಕ್ಕೆ ಎರಡೇ ತಿಂಗಳೆಂದು ಹಿಡಿದರೆ ಹದಿನೈದು ವರ್ಷವಾಗಲು 90 ವರ್ಷ ಬೇಕು! ಸುಬೇದಾರರು ನಕ್ಕರು. ಒಮ್ಮೆ ಕರೆ ಬಂದರೆ ವರ್ಷಗಟ್ಟಲೆ ಕಾಶ್ಮೀರದಂಥ ಕಡೆ ಇರಬೇಕಾಗುವುದೂ ಉಂಟು, ಹಾಗಾಗಿ ತುಂಬಿಸಿದವರೂ ಇದ್ದಾರೆ. ಆದರೆ ತುಂಬಿಯೇ ತುಂಬುತ್ತದೆಂಬ ಭರವಸೆಯನ್ನು ಭರ್ತಿಯ ದಿನ ಯಾರೂ ಕೊಡುವುದಿಲ್ಲ ಎಂದರು. ಇನ್ನೊಂದು ವಿಷಯ ನಮ್ಮನ್ನು ಬಹಳ ಹೊತ್ತು ಕಾಡಿತು. ನೌಕರನನ್ನು ಸೇವೆಗೆ ಕರೆದರೆ, ಮರಳಿ ಬಂದಾಗ ಮಾಲೀಕನು ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕಾಯ್ದೆಯಲ್ಲಿಯೇ ಇದೆ. ಒಕ್ಕಲಿಗನಿಗೆ ಇಂಥ ರಕ್ಷಣೆ ಯಾವುದು? ಕಬ್ಬಿಗೆ ನೀರು ತಪ್ಪಿದರೆ ಯಾವ ಕಾಯ್ದೆ ಅದನ್ನು ಮರಳಿ ಚಿಗುರಿಸುತ್ತದೆ?

ಮರಳಿ ಬರುವಾಗ ಬೆಳಗಾವಿಯಲ್ಲಿ ಇಳಿದೆವು. ಮರಾಠಾ ಲಘು ಕಾಲ್ದಳದ ಕೇಂದ್ರ ಅಲ್ಲಿರುವುದು 1922ರಿಂದ. ಕೆಂಪು ಹಸಿರು ತುರಾಯಿಯ ಟೊಪ್ಪಿಗೆಯವರನ್ನು ಕಾಣದೆ ಬೆಳಗಾವಿಯ ದಂಡಿನ ಪ್ರದೇಶ ದಾಟಲಾಗದು. ಈ ಸಲ ಅವರನ್ನು ನೋಡುವಾಗ ಸುಬೇದಾರರು ಹೇಳಿದ ಮಾತು ನೆನಪಾಯಿತು. 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟನ್ನು ಕಟ್ಟಿದಾಗ ಪಂಜಾಬ್, ಮರಾಠಾ, ಕುಮಾವೂಂ ರೆಜಿಮೆಂಟುಗಳಿಂದ ಒಂದೊಂದು ಬಟಾಲಿಯನ್ ತೆಗೆದು ಸೇರಿಸಿದರು. ಮರಾಠಾದ ಮೂರನೆಯ ಬಟಾಲಿಯನ್ ಹಾಗೆ ಎರಡನೆಯ ಪ್ಯಾರಾ ಆಯಿತು. ಅದು 1797ರಷ್ಟು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡಗೆ ಅದರವನೇ. 1971ರ ಡಿಸೆಂಬರ್ 11ರಂದು ಢಾಕಾದ ಉತ್ತರಕ್ಕೆ ಟಾಂಗೈಲ್ ಬಳಿ ವಿಮಾನಗಳಿಂದ ಇಳಿದು, ಪೂಂಗ್ಲಿ ಸೇತುವೆ ಹಿಡಿದು, ಹಿಮ್ಮೆಟ್ಟುತ್ತಿದ್ದ ಶತ್ರುಗಳ ದಾರಿ ಕಟ್ಟಿದ್ದು ಇದೇ ಬಟಾಲಿಯನ್. ಐದು ದಿನಗಳ ಮೇಲೆ, ಡಿಸೆಂಬರ್ 16ರಂದು ಮೊದಲು ಢಾಕಾ ಹೊಕ್ಕವರೂ ಅವರೇ. ಮುಂದೆ 1996ರಲ್ಲಿ ಮರಾಠಾದ 21ನೆಯ ಬಟಾಲಿಯನ್ ಕೂಡ ಪ್ಯಾರಾ ವಿಶೇಷ ಪಡೆಯಾಯಿತು. ಬೆಳಗಾವಿಯ ಮೈದಾನದಲ್ಲಿ ಕವಾಯತು ಕಲಿತವರು ಆಗ್ರಾದಲ್ಲಿ ರೆಕ್ಕೆ ಕಟ್ಟಿಕೊಂಡ ಕಥೆ ಹೀಗೆ ಹಳೆಯದು. ಅಲಖನೂರಿನ ಹುಡುಗ ಆಕಾಶದಿಂದ ಉದುರಿದವನಲ್ಲ.

ಅಲ್ಲಿಂದ ನೇರ ಅಥಣಿಗೆ ಹೋಗಲಿಲ್ಲ. ಅಲಖನೂರಿಗೆ ಹೋಗಿ ಹುಡುಗನನ್ನೂ ಅವನ ಅಣ್ಣನನ್ನೂ ಕರೆದುಕೊಂಡೆವು. ಹೊರಡುವಾಗ ಹುಡುಗ ಟೊಪ್ಪಿಗೆಯನ್ನು ಗೂಟದಲ್ಲಿಯೇ ಬಿಟ್ಟು ಬಂದ. ಅದು ನಮ್ಮ ಗಮನಕ್ಕೆ ಬಂದರೂ ಕೇಳಲಿಲ್ಲ.

ಕನ್ಯೆಯ ಮನೆಯಲ್ಲಿ ಮೊದಲು ನಾವೇ ಮಾತನಾಡಿದೆವು. ಕಾಯಂ ಎಂದು ಬರೆದದ್ದು ನಮ್ಮ ತಪ್ಪು, ಹುಡುಗನ ಮನೆಯವರದಲ್ಲ ಎಂದು ಹೇಳಿ, ತಿಳಿದುಬಂದ ಸಂಗತಿಗಳನ್ನೆಲ್ಲ ಬಿಚ್ಚಿ ಹೇಳಿದೆವು. ಹೊಸ ಆದೇಶದಂತೆ ಕರೆ ಬರಬಹುದು, ಬರದೆಯೂ ಇರಬಹುದೆಂಬುದನ್ನೂ ಹೇಳಿದೆವು. ಕನ್ಯೆಯ ತಂದೆ ಬಹಳ ಹೊತ್ತು ಸುಮ್ಮನೆ ಕುಳಿತರು. ಅವರ ಸಿಟ್ಟು ಇಳಿದಂತೆ ಕಂಡಿತು, ಆದರೆ ಚಿಂತೆ ಇಳಿದಿರಲಿಲ್ಲ.

ಕನ್ಯೆ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಚಹದ ತಟ್ಟೆ ಕೆಳಗಿಟ್ಟು ಅವಳೇ ಹುಡುಗನನ್ನು ಕೇಳಿದಳು: “ಎರಡು ತಿಂಗಳಿಗಂತ ಹೋಗಿ ಎರಡು ವರ್ಷ ಬರಲಿಲ್ಲಂದ್ರ ಹೊಲಾ ಯಾರ ನೋಡ್ತಾರ್ರಿ?”

ಹುಡುಗ ಅಣ್ಣನ ಮುಖ ನೋಡಿದ. ಅಣ್ಣ ಹೇಳಿದ: “ಕಳದ ಸಲಾ ನಾನ ನೋಡೇನಿ. ಇವನ ಪಾಲಿಂದು ಲೆಕ್ಕಾ ಬರದ ಇಟ್ಟೇನಿ. ಮುಂದನೂ ಇಡ್ತೀನಿ.”

“ರೆಕ್ಕಿ ಐತೇನ್ರಿ ನಿಮಗ?”

“ಇಲ್ರೀ. ಆಗ್ರಾಕ್ಕ ಕರದ್ರ ಹೋಗಾವ. ಐದ ಸಲಾ ಜಿಗೀಬೇಕು.”

ಅವಳು ಒಳಗೆ ಹೋಗಿ ನಾವು ಚೈತ್ರದಲ್ಲಿ ಬರೆದುಕೊಟ್ಟ ಹಾಳೆಯನ್ನೂ ಒಂದು ಪೆನ್ನನ್ನೂ ತಂದು ನಮ್ಮ ಮುಂದಿಟ್ಟಳು. “ಅಜ್ಜಾರ, ಇದನ್ನ ತಿದ್ದಿ ಕೊಡ್ರಿ,” ಎಂದಳು. ನಾವು ಹಳೆಯ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ‘ಉದ್ಯೋಗ: ಒಕ್ಕಲುತನ. ಪ್ರಾದೇಶಿಕ ಸೇನೆಯ ಪ್ಯಾರಾ ಬಟಾಲಿಯನ್ನಿನಲ್ಲಿ ಸಿಪಾಯಿ’ ಎಂದು ಬರೆದು ಸಹಿ ಮಾಡಿದೆವು. ಅವಳು ಅದನ್ನು ನಿಂತಲ್ಲಿಯೇ ಓದಿ, ಮಡಿಚಿಕೊಂಡು ಒಳಗೆ ಹೋದಳು. ಮುಂದಿನ ಮಾತು ಶ್ರಾವಣ ಕಳೆದ ಮೇಲೆ ಆಗಲಿ ಎಂದು ತಂದೆ ಹೇಳಿದರು. ನಾವು ಸಂಜೆಯ ಬಸ್ಸಿಗೆ ಹೊರಟೆವು.